ತೀರಿಕೊಂಡರು ಎಂಬ ಕ್ರಿಯಾಪದ

ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಒಂದು ಸುತ್ತೋಲೆ ಹೊರಡಿಸಿತು. ಒಂದೆರಡು ದಿನದಲ್ಲಿ ಅದು ನಮ್ಮ ದೆಹಲಿ ಕನ್ನಡಿಗರ ವಾಟ್ಸಾಪ್ ಗುಂಪಿಗೂ ಬಂತು, ‘ರಾಜ್ಯದಲ್ಲಿ ದಯಾಮರಣಕ್ಕೆ ಅವಕಾಶ’ ಎಂಬ ತಲೆಬರಹ ಹೊತ್ತುಕೊಂಡು. ಕೆಳಗೆ ಕೈಮುಗಿಯುವ ಇಮೋಜಿ ನಾಲ್ಕಾರು. ‘ಕಲಿಗಾಲ’ ಅಂತ ಒಬ್ಬರು, ‘ಒಳ್ಳೇದೇ ಆಯ್ತು, ನರಳೋದು ಯಾರಿಗೆ ಬೇಕು’ ಅಂತ ಇನ್ನೊಬ್ಬರು. ಅಷ್ಟರಲ್ಲಿ ಯಾರೋ ಯುಗಾದಿ ಕಾರ್ಯಕ್ರಮದ ಚಂದಾ ಎತ್ತಿದರು, ಮಾತು ಅಲ್ಲಿಗೆ ಮುಗಿಯಿತು. ನನಗೆ ಮಾತ್ರ ಆ ತಲೆಬರಹದ ಒಂದು ಪದ ಚುಚ್ಚುತ್ತಾ ಉಳಿಯಿತು.

ಸುತ್ತೋಲೆ ಹೇಳಿದ್ದು ಘನತೆಯಿಂದ ಸಾಯುವ ಹಕ್ಕಿನ ಬಗ್ಗೆ. ಚೇತರಿಸಿಕೊಳ್ಳುವ ಭರವಸೆಯೇ ಇಲ್ಲದ ರೋಗಿಗೆ ಜೀವರಕ್ಷಕ ಚಿಕಿತ್ಸೆಯನ್ನು ಕೊಡದೆ ಇರುವುದು ಅಥವಾ ಕೊಟ್ಟದ್ದನ್ನು ಹಿಂತೆಗೆಯುವುದು ಹೇಗೆ, ಯಾವ ವೈದ್ಯರ ಮಂಡಳಿ ಒಪ್ಪಬೇಕು ಎಂಬ ವಿಧಾನ ಅದರಲ್ಲಿದೆ. ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಕೊಟ್ಟು, 2023ರ ಜನವರಿಯಲ್ಲಿ ಸರಳಗೊಳಿಸಿದ ತೀರ್ಪನ್ನು ಜಾರಿಗೆ ತರುವ ಕೆಲಸ ಅದು. ಇಂಜೆಕ್ಷನ್ ಕೊಟ್ಟು ಸಾಯಿಸುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಅದು ಈ ದೇಶದಲ್ಲಿ ಇಂದಿಗೂ ಅಪರಾಧ. ಆದರೆ ‘ದಯಾಮರಣ’ ಎಂಬ ಒಂದೇ ಬುಟ್ಟಿಗೆ ಎರಡನ್ನೂ ಹಾಕಿ ಅಭ್ಯಾಸವಾಗಿರುವ ನಮಗೆ ವ್ಯತ್ಯಾಸ ಕಾಣಲಿಲ್ಲ. ಎರಡು ದಶಕಕ್ಕೂ ಹೆಚ್ಚು ಕಾಲ ಈ ಹಕ್ಕಿಗಾಗಿ ಸರ್ಕಾರಗಳಿಗೆ ಪತ್ರ ಬರೆದ ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮನವರ ಹೆಸರೂ ಇದೇ ಗದ್ದಲದಲ್ಲಿ ಸುದ್ದಿಗೆ ಬಂತು, ದಯಾಮರಣದ ಮೊದಲ ಫಲಾನುಭವಿ ಅವರೇ ಎಂಬಂತೆ. ಫಲಾನುಭವಿ! ರೇಷನ್ ಕಾರ್ಡಿಗೆ ಬಳಸುವ ಪದ. ಎದ್ದು ಕೂತು ಮಾತಾಡಬಲ್ಲ, ಯಾವ ಯಂತ್ರದ ಮೇಲೂ ಇಲ್ಲದ ಒಬ್ಬ ಹಿರಿಯ ಹೆಂಗಸಿಗೆ ಈ ಸುತ್ತೋಲೆ ಏನು ಕೊಡುತ್ತದೆ, ಏನು ಕೊಡುವುದಿಲ್ಲ ಎಂದು ತಾಳ್ಮೆಯಿಂದ ವಿವರಿಸುವುದಕ್ಕಿಂತ ತಲೆಬರಹ ಸುಲಭ.

ದಯಾಮರಣ ಎಂದಾಗ ದಯೆ ಯಾರದು? ಸಾಯುವವರದಲ್ಲ. ಪಕ್ಕದಲ್ಲಿ ನಿಂತವರದು. ಸಾಯುವವರು ಆ ಪದದಲ್ಲಿ ಭಿಕ್ಷಾಪಾತ್ರೆ ಹಿಡಿದಿರುತ್ತಾರೆ. ದೆಹಲಿಯಲ್ಲಿ ಇಪ್ಪತ್ತು ವರ್ಷದಿಂದ ಹಿಂದಿ ಪತ್ರಿಕೆ ಓದುತ್ತಿರುವ ನಾನು ಇನ್ನೊಂದನ್ನು ಗಮನಿಸಿದ್ದೇನೆ: ಇಲ್ಲಿ ಇದೇ ಸುದ್ದಿಗೆ ‘ಇಚ್ಛಾಮೃತ್ಯು’ ಎನ್ನುತ್ತಾರೆ. ಭೀಷ್ಮನ ಪದ. ಅಲ್ಲಿ ಸಾಯುವವನೇ ಯಜಮಾನ, ಬಾಣದ ಹಾಸಿಗೆಯ ಮೇಲೆ ಮಲಗಿಯೂ ಉತ್ತರಾಯಣಕ್ಕೆ ಕಾಯಬಲ್ಲವನು. ಅದೂ ಸರಿಯಾದ ಪದವಲ್ಲ, ಯಾಕೆಂದರೆ ಐಸಿಯುವಿನಲ್ಲಿ ಮಲಗಿದವರಿಗೆ ಇಚ್ಛೆ ಹೇಳಲು ಬಾಯಿರುವುದಿಲ್ಲ, ಬಾಯೊಳಗೆ ಕೊಳವೆ ಇರುತ್ತದೆ. ಒಂದೇ ಸುದ್ದಿಗೆ ಒಂದು ಭಾಷೆ ದಯೆಯನ್ನು, ಇನ್ನೊಂದು ಇಚ್ಛೆಯನ್ನು ಆರಿಸಿಕೊಂಡಿತು. ನಡುವೆ ಇರುವ ಮನುಷ್ಯ ಎರಡರಲ್ಲೂ ಇಲ್ಲ.

ಆ ಮನುಷ್ಯ ಹೇಗೆ ಕಾಣೆಯಾಗುತ್ತಾನೆ ಎಂಬುದಕ್ಕೆ ನಮ್ಮದೇ ನೆಲದ ಹೆಸರೊಂದಿದೆ. 2025ರ ಮೇ 18ಕ್ಕೆ ಅರುಣಾ ಶಾನಭಾಗ್ ತೀರಿಕೊಂಡು ಹತ್ತು ವರ್ಷವಾಯಿತು. ಹೊನ್ನಾವರದ ಹತ್ತಿರದ ಹಳದೀಪುರದಲ್ಲಿ 1948ರಲ್ಲಿ ಹುಟ್ಟಿ, ನರ್ಸ್ ಆಗಬೇಕೆಂದು ಮುಂಬೈಗೆ ಹೋದ ಹುಡುಗಿ. ನಮ್ಮ ಹಾಗೆಯೇ ಊರು ಬಿಟ್ಟವಳು. ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದಾಗ, ಅಲ್ಲಿಯದೇ ವೈದ್ಯರೊಬ್ಬರ ಜೊತೆ ಮದುವೆ ನಿಶ್ಚಯವಾಗಿದ್ದಾಗ, 1973ರ ನವೆಂಬರ್ 27ರ ಸಂಜೆ ವಾರ್ಡ್‌ಬಾಯ್ ಒಬ್ಬ ನಾಯಿಯ ಸರಪಳಿಯಿಂದ ಕುತ್ತಿಗೆ ಬಿಗಿದು ಅತ್ಯಾಚಾರ ಮಾಡಿದ. ಮಿದುಳಿಗೆ ಆಮ್ಲಜನಕ ನಿಂತುಹೋಯಿತು. ಆತನಿಗೆ ಶಿಕ್ಷೆಯಾದದ್ದು ದರೋಡೆ ಮತ್ತು ಕೊಲೆಯತ್ನಕ್ಕೆ, ಏಳು ವರ್ಷ. ಅತ್ಯಾಚಾರದ ದೂರು ದಾಖಲಾಗಲೇ ಇಲ್ಲ, ಹುಡುಗಿಯ ಮರ್ಯಾದೆ ಕಾಪಾಡುವ ನೆಪದಲ್ಲಿ. ಅವಳ ಪರವಾಗಿ ಇನ್ನೊಬ್ಬರು ತೀರ್ಮಾನ ಮಾಡುವ ಕೆಲಸ ಅಂದೇ ಶುರುವಾಯಿತು ಅನ್ನಬೇಕು. ಆಮೇಲೆ 42 ವರ್ಷ ಅದೇ ಆಸ್ಪತ್ರೆಯ ಹಾಸಿಗೆ.

ಅವಳ ಕಥೆಯನ್ನು ಎಷ್ಟು ಜನ ಬರೆದರು! ಗುಜರಾತಿಯಲ್ಲಿ ಹರಕಿಸನ್ ಮೆಹ್ತಾ 1985ರಲ್ಲಿ ಕಾದಂಬರಿ ಮಾಡಿದರು. ಮರಾಠಿಯಲ್ಲಿ ದತ್ತಕುಮಾರ್ ದೇಸಾಯಿ ನಾಟಕ ಮಾಡಿದರು. ಪತ್ರಕರ್ತೆ ಪಿಂಕಿ ವಿರಾನಿ 1998ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕ ಬರೆದು, 2009ರಲ್ಲಿ ‘ಆಪ್ತ ಸ್ನೇಹಿತೆ’ಯಾಗಿ ಸುಪ್ರೀಂ ಕೋರ್ಟಿಗೆ ಹೋದರು: ಇವಳಿಗೆ ಆಹಾರ ಕೊಡುವುದನ್ನು ನಿಲ್ಲಿಸಿ, ಶಾಂತವಾಗಿ ಹೋಗಲು ಬಿಡಿ. ಇನ್ನೊಂದು ಕಡೆ ಕೆಇಎಂನ ನರ್ಸುಗಳು. ತಲೆಮಾರಿನಿಂದ ತಲೆಮಾರಿಗೆ ದಾಟಿಸಿಕೊಂಡು ಆಕೆಯನ್ನು ಮೀಯಿಸಿ, ಉಣಿಸಿ, ಮಗ್ಗುಲು ಬದಲಿಸಿ ನೋಡಿಕೊಂಡವರು. 1980ರ ದಶಕದಲ್ಲಿ ಮುಂಬೈ ಪಾಲಿಕೆ ಆಕೆಯನ್ನು ಬೇರೆಡೆ ಸಾಗಿಸಲು ನೋಡಿದಾಗ ಅಡ್ಡ ನಿಂತವರು. ಅವರು ಹೇಳಿದ್ದು: ಇವಳು ನಮ್ಮವಳು, ಬದುಕಿರಲಿ.

2011ರ ಮಾರ್ಚ್ 7ರ ತೀರ್ಪನ್ನು ನಾನು ಸಾಹಿತ್ಯದ ಹಾಗೆ ಓದಿದ್ದೇನೆ. ಅದನ್ನು ಹಾಗೆ ಓದಬೇಕಾದ ಕಾರಣವೂ ಇದೆ: ಅದು ಶುರುವಾಗುವುದೇ ಗಾಲಿಬನ ಒಂದು ಶೇರ್‌ನಿಂದ. ನ್ಯಾಯಮೂರ್ತಿ ಮಾರ್ಕಂಡೇಯ ಕಾಟ್ಜು ಅವರ ಹವ್ಯಾಸ. ಸಾವನ್ನು ಬಯಸಿಯೂ ಸಾಯದವನ ಅಳಲು ಅದು. ಓದಿದ ಕೂಡಲೇ ಮನಸ್ಸು ಕರಗುತ್ತದೆ, ಆದರೆ ಒಂದು ಕ್ಷಣ ನಿಂತು ಯೋಚಿಸಿದರೆ ಇದು ತಪ್ಪು ಉಲ್ಲೇಖ. ಗಾಲಿಬನಿಗೆ ‘ನಾನು’ ಎನ್ನಲು ನಾಲಿಗೆ ಇತ್ತು. ಅರುಣಾ ಸಾವನ್ನು ಬಯಸಿದ್ದಳು ಎಂದು ಯಾರು ಹೇಳಿದರು? ನಿಜಾಮುದ್ದೀನಿನ ಗಾಲಿಬನ ಗೋರಿ ನಮ್ಮ ಸರೋಜಿನಿ ನಗರದಿಂದ ಆಟೋದಲ್ಲಿ ಹೋಗುವಷ್ಟು ಹತ್ತಿರ. ಅಲ್ಲಿ ಹೋದಾಗಲೆಲ್ಲ ನನಗೆ ಆ ತೀರ್ಪಿನ ಮೊದಲ ಪುಟ ನೆನಪಾಗುತ್ತದೆ, ಸ್ವಲ್ಪ ಕೋಪದಿಂದಲೇ.

ಆದರೆ ಅದೇ ತೀರ್ಪಿನ ಒಳಗೆ ವೈದ್ಯರ ವರದಿಯೊಂದಿದೆ. ಕೋರ್ಟು ನೇಮಿಸಿದ ಮೂವರು ವೈದ್ಯರು ಆಕೆಯನ್ನು ನೋಡಿ, ಆಸ್ಪತ್ರೆಯವರ ಮಾತು ಕೇಳಿ ಬರೆದದ್ದು. ಒಣ ಭಾಷೆ. ಆ ಒಣ ಭಾಷೆಯಲ್ಲಿ ಒಂದು ಕಡೆ ಮೀನಿನ ವಿಷಯ ಬರುತ್ತದೆ. ಅವಳಿಗೆ ಮೀನು ಮತ್ತು ಕೋಳಿಯ ಸೂಪು ಇಷ್ಟ, ಇಷ್ಟದ ಊಟ ಸಿಕ್ಕಾಗ ನಗುತ್ತಾಳೆ ಎಂದು ನೋಡಿಕೊಳ್ಳುವವರು ಹೇಳುತ್ತಾರೆ. ಕರಾವಳಿಯ ಹುಡುಗಿ, ಮೂವತ್ತೇಳು ವರ್ಷದ ನಂತರವೂ ಮೀನು. ಗಾಲಿಬನ ಶೇರ್‌ಗಿಂತ ಇದು ನೂರು ಪಾಲು ದೊಡ್ಡ ಸಾಹಿತ್ಯ ಎಂದು ನನಗನ್ನಿಸುತ್ತದೆ. ಅದು ನಗುವೋ, ಸ್ನಾಯುವಿನ ಚಲನೆಯೋ? ನರ್ಸುಗಳು ನಗು ಎಂದು ಓದಿದರು. ವಿರಾನಿ ಹಾಗೆ ಓದಲಿಲ್ಲ. ಇದು ವೈದ್ಯಕೀಯ ಜಗಳವಾಗುವ ಮೊದಲು ಓದಿನ ಜಗಳ.

ಕೋರ್ಟು ನರ್ಸುಗಳ ಓದನ್ನು ಒಪ್ಪಿತು. ವಿರಾನಿಯವರ ಸದುದ್ದೇಶವನ್ನು ಮೆಚ್ಚಿ, ಅರ್ಜಿಯನ್ನು ವಜಾ ಮಾಡಿ, ಆಕೆಯ ನಿಜವಾದ ಆಪ್ತರು ಕೆಇಎಂ ಸಿಬ್ಬಂದಿ ಎಂದಿತು. ಅದರ ಜೊತೆಗೇ, ಮುಂದೆ ಇಂಥ ಪ್ರಕರಣಗಳಲ್ಲಿ ಹೈಕೋರ್ಟ್ ಅನುಮತಿ ಪಡೆದು ಚಿಕಿತ್ಸೆ ಹಿಂತೆಗೆಯಬಹುದು ಎಂಬ ಬಾಗಿಲನ್ನೂ ತೆರೆಯಿತು. ಸಿಬ್ಬಂದಿಯ ಮನಸ್ಸು ಮುಂದೆಂದಾದರೂ ಬದಲಾದರೆ ಅವರೇ ಬಾಂಬೆ ಹೈಕೋರ್ಟಿಗೆ ಹೋಗಬಹುದು ಎಂದೂ ಬರೆಯಿತು. ನರ್ಸುಗಳು ಸಿಹಿ ಹಂಚಿ, ಕೇಕು ಕತ್ತರಿಸಿ, ಇದು ಅರುಣಾಳ ಪುನರ್ಜನ್ಮ ಎಂದರು. ನಾಲ್ಕು ವರ್ಷದ ಮೇಲೆ, 2015ರ ಮೇ 18ರಂದು ನ್ಯುಮೋನಿಯಾದಿಂದ ಆಕೆ ತೀರಿಕೊಂಡಾಗ ಅಂತ್ಯಕ್ರಿಯೆ ಮಾಡಿದವರೂ ಅವರೇ.

ಆಗೆಲ್ಲ ನಾನು ವಿರಾನಿಯವರ ಪಕ್ಷ. ನರ್ಸುಗಳದು ಭಾವುಕತೆ, ಸಂಸ್ಥೆಯ ಹೆಮ್ಮೆ ಎಂದುಕೊಂಡಿದ್ದೆ. ಈಗ ಅಷ್ಟು ಖಚಿತವಿಲ್ಲ. ಆಕೆಯ ವಿಷಯದಲ್ಲಿ ಆರಿಸಲು ವೆಂಟಿಲೇಟರೇ ಇರಲಿಲ್ಲ. ಇದ್ದದ್ದು ಊಟ. ಬಹುಕಾಲ ಬಾಯಲ್ಲೇ ಉಣಿಸುತ್ತಿದ್ದರು. ಯಂತ್ರದ ಸ್ವಿಚ್ಚು ಆರಿಸುವುದು ಒಂದು. ಉಣಿಸುವ ಕೈಗೆ ‘ಸಾಕು, ನಿಲ್ಲಿಸು’ ಎನ್ನುವುದು ಇನ್ನೊಂದು. ಕಾನೂನಿನವರು ಕೊಳವೆಯ ಆಹಾರವೂ ಚಿಕಿತ್ಸೆಯೇ ಎಂದು ವಾದಿಸುತ್ತಾರೆ, ತರ್ಕ ಸರಿಯಿದೆ. ಆದರೆ ನಮ್ಮ ದೆಹಲಿಯ ಪಕ್ಕದಲ್ಲೇ, ಗಾಜಿಯಾಬಾದಿನ ಮನೆಯೊಂದರಲ್ಲಿ ಅದೇ ಪ್ರಶ್ನೆ ಮತ್ತೆ ಮಲಗಿತ್ತು: 2013ರಲ್ಲಿ ಚಂಡೀಗಢದಲ್ಲಿ ಓದುವಾಗ ಕಟ್ಟಡದಿಂದ ಬಿದ್ದ ಯುವಕ, ಅಂದಿನಿಂದ ಪ್ರಜ್ಞೆಯಿರಲಿಲ್ಲ, ಆಹಾರಕ್ಕೆ ಕೊಳವೆ. ವಯಸ್ಸಾಗುತ್ತಿರುವ ತಂದೆತಾಯಿ ಕೋರ್ಟಿಗೆ ಹೋದರು. ಆತ ಯಾವ ಯಂತ್ರದ ಮೇಲೂ ಇಲ್ಲವಲ್ಲ ಎಂದು ದೆಹಲಿ ಹೈಕೋರ್ಟ್ 2024ರ ಜುಲೈಯಲ್ಲಿ ಒಪ್ಪಲಿಲ್ಲ. ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಮನೆಯಲ್ಲೇ ಆರೈಕೆಗೆ ಸರ್ಕಾರದ ನೆರವಿನ ಏರ್ಪಾಡಾಯಿತು. ಆ ತಾಯಿತಂದೆಯನ್ನು ಕಟುಕರು ಎನ್ನುವ ಧೈರ್ಯ ಯಾರಿಗಿದೆ? ಕೆಇಎಂ ನರ್ಸುಗಳನ್ನು ಕುರುಡರು ಎನ್ನುವ ಧೈರ್ಯ ನನಗಂತೂ ಹೋಗಿದೆ.

ಕತೆ ಕಟ್ಟುವವರು ಈ ತೊಡಕನ್ನು ಜಾಣತನದಿಂದ ತಪ್ಪಿಸಿಕೊಳ್ಳುತ್ತಾರೆ. ಅರುಣಾ ಅರ್ಜಿ ಕೋರ್ಟಿನಲ್ಲಿದ್ದಾಗಲೇ, 2010ರಲ್ಲಿ, ಸಂಜಯ್ ಲೀಲಾ ಬನ್ಸಾಲಿ ‘ಗುಜಾರಿಶ್’ ಮಾಡಿದರು. ಕುತ್ತಿಗೆಯ ಕೆಳಗೆ ಚಲನೆಯಿಲ್ಲದ ಜಾದೂಗಾರ, ಗೋವಾದ ಹಳೇ ಬಂಗಲೆ, ನೀಲಿ ಬೆಳಕು. ನಾಯಕನಿಗೆ ಮಾತಿಗೆ ಬರವಿಲ್ಲ. ರೇಡಿಯೋ ಕಾರ್ಯಕ್ರಮವನ್ನೇ ನಡೆಸುತ್ತಾನೆ. ನನಗೆ ಸಾಯಬೇಕು ಎಂದು ಅವನೇ ಹೇಳಿದ ಮೇಲೆ ಪ್ರೇಕ್ಷಕನಿಗೆ ಉಳಿಯುವ ಕೆಲಸ ಕಣ್ಣೀರು ಹಾಕುವುದೊಂದೇ. ಇದಕ್ಕಿಂತ ಕಾರಂತರ ‘ಅಳಿದ ಮೇಲೆ’ ಈ ವಿಷಯಕ್ಕೆ ಹತ್ತಿರ, ಅದರಲ್ಲಿ ವೆಂಟಿಲೇಟರ್ ಇಲ್ಲದಿದ್ದರೂ. ಮುಂಬೈಯಲ್ಲಿ ಒಂಟಿಯಾಗಿ ಸತ್ತ ಯಶವಂತರಾಯರನ್ನು, ಅವರು ಸತ್ತ ಮೇಲೆ, ಅವರ ಸಂಬಂಧಿಕರ ಬಾಯಿಂದ ನಿರೂಪಕ ಕಟ್ಟಿಕೊಳ್ಳಬೇಕಾಗುತ್ತದೆ; ಒಬ್ಬೊಬ್ಬರ ಯಶವಂತರಾಯರು ಒಂದೊಂದು ಥರ. ಅರುಣಾಳ ವಿಷಯದಲ್ಲೂ ಆದದ್ದು ಇದೇ, ಒಂದು ವ್ಯತ್ಯಾಸದೊಂದಿಗೆ. ಯಶವಂತರಾಯರು ದಿನಚರಿ ಬಿಟ್ಟುಹೋಗಿದ್ದರು. ಅವಳು ಏನನ್ನೂ ಬರೆದಿಟ್ಟಿರಲಿಲ್ಲ. ಇಪ್ಪತ್ತೈದು ವರ್ಷದವಳು ಯಾಕೆ ಬರೆದಿಟ್ಟಾಳು?

ಇನ್ನು ನನ್ನ ಮನೆಯ ಮಾತು. ಅಪ್ಪ ತಿಪಟೂರಿನ ಕಡೆಯ ಹೈಸ್ಕೂಲಿನಲ್ಲಿ ಕನ್ನಡ ಪಂಡಿತರು. ಡಿ.ಎಲ್. ನರಸಿಂಹಾಚಾರ್ ಸಂಪಾದಿಸಿದ ‘ವಡ್ಡಾರಾಧನೆ’ಯ ಅವರ ಪ್ರತಿ ಈಗ ನನ್ನ ಬಳಿ ಇದೆ, ಅಂಚಿನ ತುಂಬ ಪೆನ್ಸಿಲ್ ಗುರುತು. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗದ್ಯಕೃತಿ ಹೇಗೆ ಸಾಯಬೇಕು ಎಂಬುದರ ಹತ್ತೊಂಬತ್ತು ಕಥೆಗಳ ಪುಸ್ತಕ ಎಂಬುದು ನನಗೆ ಹೊಳೆದದ್ದು ಅವರು ಹೋದ ಮೇಲೆ. ಎಂಟೆಕ್ ಓದುವವನಿಗೆ ಅದೆಲ್ಲ ಯಾಕೆ ಬೇಕಿತ್ತು ಹೇಳಿ.

2019ರ ಡಿಸೆಂಬರ್. ಚಳಿಗೆ ನಮ್ಮಲ್ಲಿಗೆ ಬಂದಿದ್ದರು. ಹಳೆಯ ಶ್ವಾಸಕೋಶದ ತೊಂದರೆ, ಮೇಲೆ ದೆಹಲಿಯ ಹೊಗೆ. ಕರೆಸಿದ್ದೇ ತಪ್ಪು ಎಂದು ಇವತ್ತಿಗೂ ಅನ್ನಿಸುತ್ತದೆ. ಒಂದು ಖಾಸಗಿ ಆಸ್ಪತ್ರೆಯ ಐಸಿಯು, ಹದಿನೇಳು ದಿನ. ಹತ್ತನೇ ದಿನದ ಹೊತ್ತಿಗೆ ಮೂತ್ರಪಿಂಡವೂ ಕೈಕೊಟ್ಟಿತ್ತು. ದಿನಕ್ಕೆ ಎರಡು ಸಲ, ಹತ್ತು ಹತ್ತು ನಿಮಿಷ ಒಳಗೆ ಬಿಡುತ್ತಿದ್ದರು. ಒಂದು ಸಂಜೆ ಹೋದಾಗ ಎರಡೂ ಮಣಿಕಟ್ಟುಗಳನ್ನು ಬ್ಯಾಂಡೇಜ್ ಬಟ್ಟೆಯಿಂದ ಮಂಚಕ್ಕೆ ಕಟ್ಟಿದ್ದರು. ಕೊಳವೆ ಕೀಳಲು ನೋಡಿದರು, ಎರಡು ಸಲ, ಎಂದರು ಸಿಸ್ಟರ್. ‘ಇದು ಡೆಲಿರಿಯಮ್, ಐಸಿಯುವಿನಲ್ಲಿ ಸಾಮಾನ್ಯ, ಅರ್ಥ ಹುಡುಕಬೇಡಿ’ ಎಂದರು ವೈದ್ಯರು. ಇರಬಹುದು. ಆದರೆ ಅರ್ಥ ಹುಡುಕುವುದನ್ನು ನನಗೆ ಕಲಿಸಿದವರ ಕೈಯನ್ನೇ ಕಟ್ಟಿದ್ದರು. ಆ ಕೈ ಕೊಳವೆಯ ಕಡೆ ಹೋದದ್ದು ಒಂದು ವಾಕ್ಯವೋ, ಬರೀ ಚಲನೆಯೋ? ಕೆಇಎಂನ ನರ್ಸುಗಳು ಮೀನಿನ ನಗುವನ್ನು ಓದಿದ ಹಾಗೆ ನಾನೂ ಓದಲು ಕೂತೆ, ನನಗೆ ಬೇಕಾದ ಹಾಗೆ ಓದುತ್ತಿದ್ದೇನೆಯೇ ಎಂಬ ಭಯದೊಂದಿಗೆ. ಬಿಲ್ ಏರುತ್ತಿತ್ತು. ಅದನ್ನು ಹೇಳದಿದ್ದರೆ ಈ ಬರಹ ಸುಳ್ಳಾಗುತ್ತದೆ.

ಕಾನೂನು ಆಗಲೂ ಇತ್ತು. 2018ರ ತೀರ್ಪಿನ ಮೂಲ ವಿಧಾನದಲ್ಲಿ ಎರಡು ವೈದ್ಯ ಮಂಡಳಿಗಳ ಮೇಲೆ ಮ್ಯಾಜಿಸ್ಟ್ರೇಟ್ ಬಂದು ರೋಗಿಯನ್ನು ನೋಡಬೇಕಿತ್ತು. ಪ್ರಾಜೆಕ್ಟುಗಳಲ್ಲಿ ಇಂಥ ಅನುಮೋದನೆಯ ಏಣಿಗಳನ್ನು ನಾನೇ ಬರೆದಿದ್ದೇನೆ. ಯಾರೂ ಹತ್ತದಿರಲಿ ಎಂದೇ ಬರೆಯುವ ಏಣಿಗಳು ಅವು. ಆಸ್ಪತ್ರೆಯವರಿಗೆ ಬೇರೆ ದಾರಿ ಗೊತ್ತಿತ್ತು, ಎಲ್ಲ ಆಸ್ಪತ್ರೆಗಳಿಗೂ ಗೊತ್ತಿರುವ ದಾರಿ: ‘ಲಾಮಾ’. ವೈದ್ಯರ ಸಲಹೆಗೆ ವಿರುದ್ಧವಾಗಿ ಕರೆದುಕೊಂಡು ಹೋಗುತ್ತಿದ್ದೇನೆ, ಮುಂದಿನದಕ್ಕೆ ನಾನೇ ಹೊಣೆ. ಒಳಗೊಳಗೆ ಒಪ್ಪಿರುವ ವೈದ್ಯರ ‘ಸಲಹೆಗೆ ವಿರುದ್ಧ’! ಈ ದೇಶದಲ್ಲಿ ಸಾವಿನ ಬಗ್ಗೆ ಅತಿ ಹೆಚ್ಚು ಸಹಿ ಬೀಳುವ ಪಠ್ಯ ಅದೇ ಇರಬೇಕು, ಮೊದಲಿಂದ ಕೊನೆಯವರೆಗೆ ಒಂದು ನಾಟಕ. ಅದರಲ್ಲಿ ‘ನಾನು’ ಎಂದರೆ ಮಗ. ಸಾಯುವವರ ಹೆಸರು ‘ರೋಗಿ’ ಎಂಬ ಖಾನೆಯಲ್ಲಿ ಮಾತ್ರ. ಆ ನಾಟಕದಲ್ಲಿ ಇನ್ನೊಂದು ಮೋಸವಿದೆ: ಹೀಗೆ ಹೊರಬಿದ್ದವರಿಗೆ ನೋವಿನ ಔಷಧಿಯನ್ನೂ, ಉಸಿರುಗಟ್ಟುವಿಕೆಗೆ ಪರಿಹಾರವನ್ನೂ ಯಾರೂ ಬರೆದುಕೊಡುವುದಿಲ್ಲ. ಬೆಂಗಳೂರಿನ ಕರುಣಾಶ್ರಯ, ಇಲ್ಲಿ ದೆಹಲಿಯಲ್ಲಿ ಕ್ಯಾನ್ಸರ್ ರೋಗಿಗಳ ಮನೆಗೇ ಹೋಗುವ ಕ್ಯಾನ್‌ಸಪೋರ್ಟ್ 1990ರ ದಶಕದಿಂದ ಮಾಡುತ್ತಿರುವ ಉಪಶಮನ ಆರೈಕೆ ನಮ್ಮ ದೊಡ್ಡ ಆಸ್ಪತ್ರೆಗಳ ಬಿಲ್ಲಿನ ಸಾಲಿಗೆ ಇನ್ನೂ ಸರಿಯಾಗಿ ಬಂದಿಲ್ಲ. ಮಾರ್ಫಿನ್ ಕೊಡುವುದನ್ನು ಕಷ್ಟ ಮಾಡಿದ್ದ ಮಾದಕ ವಸ್ತು ಕಾಯ್ದೆಗೆ ತಿದ್ದುಪಡಿ ಬಂದದ್ದೇ 2014ರಲ್ಲಿ. ದಯೆ ಎಂಬ ಪದಕ್ಕೆ ಎಲ್ಲಾದರೂ ಕೆಲಸವಿದ್ದರೆ ಇಲ್ಲಿದೆ.

ಸಹಿ ಹಾಕಿದೆ. ಆಂಬುಲೆನ್ಸಿನಲ್ಲಿ ರಿಂಗ್ ರೋಡ್ ದಾಟಿ ಮನೆಗೆ ತಂದೆವು. ಅಮ್ಮ ತುಳಸಿ ನೀರು ಬಿಟ್ಟರು. ನಾಲ್ಕು ಗಂಟೆ ಹೊತ್ತು ಇದ್ದರು. ಸುಲಭದ ನಾಲ್ಕು ಗಂಟೆ ಆಗಿರಲಿಲ್ಲ. ಊರಿನಿಂದ ಅಣ್ಣ ಫೋನಿನಲ್ಲಿ ಕೇಳಿದ್ದು ಒಂದೇ ಮಾತು: ‘ನೀನೇ ಸಹಿ ಹಾಕಿದ್ಯೇನೋ?’ ಹದಿಮೂರನೆಯ ದಿನ ಮುಗಿದ ಮೇಲೆ, ನಾನು ಊಟ ಬಿಟ್ಟು ಕೂತದ್ದನ್ನು ನೋಡಿ ಅಮ್ಮ ಅಂದರು: ‘ಅವರು ತೀರಿಕೊಂಡ್ರು ಕಣಪ್ಪಾ. ನೀನು ತೀರಿಸಲಿಲ್ಲ.’

ಅಮ್ಮ ವ್ಯಾಕರಣ ಓದಿದವರಲ್ಲ. ಆದರೆ ಕನ್ನಡದ ಈ ಕ್ರಿಯಾಪದವನ್ನು ಗಮನಿಸಿ: ತೀರಿ-ಕೊಂಡರು. ತಮಗೆ ತಾವೇ ಮುಗಿಸಿಕೊಂಡರು. ಪ್ರಾಣ ಬಿಟ್ಟರು ಎನ್ನುವಾಗಲೂ ಬಿಟ್ಟವರು ಅವರೇ. ಇನ್ನೂ ಹಿಂದಕ್ಕೆ ಹೋದರೆ, ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಏಳನೇ ಶತಮಾನದ ಹೊತ್ತಿನ ಶಾಸನಗಳಲ್ಲಿ ಸಲ್ಲೇಖನ ವ್ರತ ಹಿಡಿದವರ ಬಗ್ಗೆ ಮತ್ತೆ ಮತ್ತೆ ಬರುವ ಪದ ‘ಮುಡಿಪಿದರ್’. ಮುಗಿಸಿದರು. ಅಲ್ಲಿ ಮುನಿಗಳಷ್ಟೇ ಅಲ್ಲ, ಕಂತಿಯರೂ ಇದ್ದಾರೆ. ಯಾರ ದಯೆಯೂ ಅಲ್ಲಿಲ್ಲ. ಆಹಾರ ನಿಲ್ಲಿಸುವುದು ಅಲ್ಲೂ ಇದೆ, ಅರುಣಾಳ ಅರ್ಜಿಯಲ್ಲೂ ಇದೆ. ಆದರೆ ಒಂದರಲ್ಲಿ ಉಣ್ಣುವವರು ನಿಲ್ಲಿಸಿದರು, ಇನ್ನೊಂದರಲ್ಲಿ ಉಣಿಸುವವರು ನಿಲ್ಲಿಸಬೇಕಿತ್ತು. ಇಡೀ ನೈತಿಕ ಭಾರ ಇರುವುದು ಈ ಒಂದು ಪ್ರತ್ಯಯದಲ್ಲಿ ಎಂದು ನನಗನ್ನಿಸುತ್ತದೆ. ಅರುಣಾ ತೀರಿಕೊಂಡ ವರ್ಷವೇ, 2015ರ ಆಗಸ್ಟಿನಲ್ಲಿ, ರಾಜಸ್ಥಾನ ಹೈಕೋರ್ಟ್ ಈ ವ್ರತವನ್ನು ಆತ್ಮಹತ್ಯೆ ಎಂದು ಬಗೆದು ಕಾನೂನುಬಾಹಿರ ಎಂದಿತು. ಅದೇ ತಿಂಗಳು ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು.

ಹಾಗೆಂದು ‘ವಡ್ಡಾರಾಧನೆ’ಯನ್ನು ಐಸಿಯುವಿಗೆ ಕೈಪಿಡಿ ಮಾಡಬೇಕೆನ್ನುವ ಜನ ಇದ್ದಾರೆ, ಅವರ ಜೊತೆ ನಾನಿಲ್ಲ. ಮೊದಲ ಕಥೆಯ ಸುಕುಮಾರನನ್ನು ನೋಡಿ. ಅತಿ ಕೋಮಲ ಶರೀರದವನು ಕೊನೆಯಲ್ಲಿ ಅಲ್ಲಾಡದೆ ಇರುತ್ತಾನೆ, ನರಿಯೊಂದು ಮರಿಗಳ ಜೊತೆ ಕಾಲಿನಿಂದ ತಿನ್ನುತ್ತಾ ಬರುತ್ತದೆ, ಮೂರು ದಿನ. ನೋವನ್ನು ಸಹಿಸಿದಷ್ಟೂ ಪುಣ್ಯ ಎಂಬ ಲೆಕ್ಕ ಅದು. ಅಪ್ಪ ಆ ಪುಟದ ಅಂಚಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಾರೆ, ಬೇರೇನೂ ಬರೆದಿಲ್ಲ. ಪಾಠಕ್ಕೆ ಹಾಕಿದ್ದೋ, ತಮಗೇ ಹಾಕಿಕೊಂಡದ್ದೋ. ಅಮ್ಮನ ವ್ಯಾಕರಣವನ್ನೂ ನಾನು ಪೂರ್ತಿ ನಂಬಿಲ್ಲ. ಸಮಾಧಾನ ಕೊಡುತ್ತದೆ ಎಂಬ ಕಾರಣಕ್ಕೇ ಅನುಮಾನ. ಮೂರ್ಛೆಯಲ್ಲಿದ್ದವರು ‘ತೀರಿಕೊಂಡರು’ ಎನ್ನುವುದು ನಿಜವಾಗಬೇಕಾದರೆ, ಎಚ್ಚರವಿದ್ದಾಗ ಅವರು ಒಂದು ಮಾತು ಹೇಳಿರಬೇಕು. ಅಪ್ಪ ಹೇಳಿರಲಿಲ್ಲ. ನಾನು ಕೇಳಿರಲಿಲ್ಲ. ಮಗ ಅಪ್ಪನನ್ನು ಇಂಥದ್ದನ್ನು ಕೇಳುವುದು ನಮ್ಮಲ್ಲಿ ಅಪಶಕುನ; ‘ಬಿಡ್ತು ಅನ್ನು’ ಎಂದು ಬಾಯಿ ಮುಚ್ಚಿಸುತ್ತಾರೆ.

ಮುಂಚಿತ ವೈದ್ಯಕೀಯ ನಿರ್ದೇಶನ ಎಂಬ ಸರ್ಕಾರಿ ಹೆಸರಿನ ಕಾಗದವನ್ನು ನಾನು ಒಂದು ಸಾಹಿತ್ಯ ಪ್ರಕಾರ ಎಂದು ಕರೆಯುವುದು ಇದಕ್ಕೇ. ಸಾವಿನ ಬಗೆಗಿನ ಇಷ್ಟೆಲ್ಲ ಪಠ್ಯಗಳಲ್ಲಿ, ತೀರ್ಪು, ಸಿನಿಮಾ, ಲಾಮಾ ಎಲ್ಲದರಲ್ಲಿ, ಸಾಯುವವರು ‘ನಾನು’ ಎಂದು ಬರೆಯಬಹುದಾದ ಜಾಗ ಅದೊಂದೇ. 2023ರ ನಂತರ ಮ್ಯಾಜಿಸ್ಟ್ರೇಟರ ಸಹಿ ಬೇಕಿಲ್ಲ. ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ನಮ್ಮ ಪರವಾಗಿ ಮಾತಾಡುವವರ ಹೆಸರುಗಳನ್ನೂ ಬರೆಯಬೇಕು. ಮಾದರಿಗಳು ಸಿಗುತ್ತವೆ, ಇಂಗ್ಲಿಷಿನಲ್ಲಿ, ವಕೀಲರ ಧಾಟಿಯಲ್ಲಿ. ಅವುಗಳನ್ನು ಅನುವಾದಿಸಲು ಕೂತರೆ ‘ದಯೆ’, ‘ಘನತೆ’, ‘ಸಸ್ಯಸ್ಥಿತಿ’ ಎಂಬ ಪದಗಳು ಸಾಲಾಗಿ ಬಂದು ನಿಲ್ಲುತ್ತವೆ, ಒಂದೂ ನನ್ನದಲ್ಲ.

ಫೆಬ್ರವರಿಯಲ್ಲಿ ಮೂರು ಭಾನುವಾರ ಕೂತು ಒಂದೂವರೆ ಪುಟ ಬರೆದೆ, ಕನ್ನಡದಲ್ಲಿ. ನನ್ನ ಹೆಂಡತಿ ಓದಿ, ‘ಕೈ ಕಟ್ಟಬೇಡಿ’ ಎಂಬ ಸಾಲು ಎರಡು ಸಲ ಬಂದಿದೆ, ಒಂದು ತೆಗೀರಿ ಎಂದಳು. ತೆಗೆಯಲಿಲ್ಲ. ಕೊಳವೆಯ ಊಟದ ವಿಷಯ ನಾನು ಬರೆದಿದ್ದೇ ಬೇರೆ, ಅವಳು ಬಯಸಿದ್ದೇ ಬೇರೆ. ಆ ಜಾಗ ಇನ್ನೂ ಖಾಲಿ ಬಿಟ್ಟಿದ್ದೇವೆ.

ಉಳಿದದ್ದಕ್ಕೆ ಸಹಿ ಬೇಕಿತ್ತು. ಅವಳು ಕೇಂದ್ರ ಸರ್ಕಾರದ ನೌಕರಿಯವಳು, ನಮ್ಮದು ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸು. ಮೇಲಿನ ಮಹಡಿಯಲ್ಲಿ ಗೆಜೆಟೆಡ್ ಅಧಿಕಾರಿಯೊಬ್ಬರಿದ್ದಾರೆ, ಪಟ್ನಾದವರು, ಸಜ್ಜನರು. ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ‘ಅರ್ಥವಾಗದೆ ಹೇಗೆ ಅಟೆಸ್ಟ್ ಮಾಡಲಿ, ಭಾಯೀಸಾಬ್, ಓದಿ ಹೇಳಿ’ ಎಂದರು. ಒಂದೊಂದೇ ಸಾಲು ಹಿಂದಿಗೆ ತಿರುಗಿಸುತ್ತಾ ಹೋದೆ. ‘ನಾನು ತೀರಿಕೊಳ್ಳಲು ಬಿಡಿ’ ಎಂಬಲ್ಲಿಗೆ ಬಂದಾಗ ನಿಂತೆ. ಗುಜರ್ ಜಾನೇ ದೀಜಿಯೇ ಎಂದೆ, ಸರಿಯಾಗಲಿಲ್ಲ. ಚಲೇ ಜಾನೇ ದೀಜಿಯೇ ಎಂದೆ, ಅದೂ ಅಲ್ಲ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕಾದರು.